ದೊರೆ ಕೂಗುವ ಹೊತ್ತು

ಐವತ್ತು ದಾಟಿದ ಮೇಲೂ ಅವಳನ್ನು ಎಲ್ಲರೂ ಚಿಕ್ಕವಳು ಎಂದೇ ಕರೆಯುತ್ತಿದ್ದರು. ಮನೆಯಲ್ಲಿ ದೊಡ್ಡವಳೊಬ್ಬಳು ಇದ್ದಳಲ್ಲ, ಅದಕ್ಕೆ. ಆ ದೊಡ್ಡವಳು, ಅಂದರೆ ಅವಳ ಅಕ್ಕ, ಹೋದ ವರ್ಷ ತನ್ನ ಕಾಲ ಮೇಲೆ ನಡೆದುಕೊಂಡೇ ಆಸ್ಪತ್ರೆಗೆ ಹೋದವಳು ವಾಪಸು ಬರಲಿಲ್ಲ. ಚಿಕ್ಕವಳ ಹೆಸರು ಮಾತ್ರ ಹಾಗೇ ಉಳಿಯಿತು. ಯಾರಿಗಿಂತ ಚಿಕ್ಕವಳು ಎಂದು ಈಗ ಯಾರೂ ಕೇಳುವುದಿಲ್ಲ.

ಅಕ್ಕ ಬಿಟ್ಟು ಹೋದದ್ದು ಬೀದಿ ಕಡೆಯ ಒಂದು ಕೋಣೆ, ಬೀರು ತುಂಬ ಇಸ್ತ್ರಿ ಮಾಡಿದ ಬಟ್ಟೆ, ಮತ್ತು ದೊರೆ. ದೊರೆ ಎಂದರೆ ಬೂದು ಬಣ್ಣದ ಮುದಿ ಗಂಡು ಬೆಕ್ಕು. ಮರಿಯಾಗಿದ್ದಾಗಲೇ ಕರೆದರೆ ಬರುತ್ತಿರಲಿಲ್ಲ. ಬಂದರೂ ನೀವು ಕರೆದಿರೆಂದು ಬಂದದ್ದಲ್ಲ ಎಂಬ ಗತ್ತಿನಲ್ಲಿ ಬರುತ್ತಿದ್ದ. ಅದನ್ನು ನೋಡಿಯೇ ಅಕ್ಕ ಆ ಹೆಸರಿಟ್ಟಿದ್ದಳು. ಚಿಕ್ಕವಳಿಗೂ ಅವನಿಗೂ ಅಷ್ಟಕ್ಕಷ್ಟೇ. ಅಕ್ಕ ಇದ್ದಷ್ಟು ದಿನ ಒಂದೇ ಮನೆಯ ಇಬ್ಬರು ಬಾಡಿಗೆದಾರರಂತೆ ಒಬ್ಬರನ್ನೊಬ್ಬರು ಸಹಿಸಿಕೊಂಡಿದ್ದರು.

ಅಕ್ಕ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುತ್ತಿದ್ದಳು. ದೀಪ ಹಾಕುವ ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿದ್ದಳು. ಅವಳು ಹೋಗಿ ಕೆಲವು ತಿಂಗಳಾದ ಮೇಲೆ, ಒಂದು ಸಂಜೆ ಅದೇ ಹೊತ್ತಿಗೆ, ದೊರೆ ಅವಳ ಕೋಣೆಯ ಬಾಗಿಲಲ್ಲಿ ನಿಂತು ಕೂಗಿದ. ಮಿಯಾಂವ್ ಗಿಯಾಂವ್ ಅಲ್ಲ. ಹೊಟ್ಟೆಯ ಆಳದಿಂದ ಎಳೆದು ತೆಗೆದಂಥ ಉದ್ದನೆಯ ಕೂಗು. ಒಳಗೆ ಹೋದ, ಮಂಚದ ಕೆಳಗೆ ನೋಡಿದ, ಹೊರಗೆ ಬಂದು ಮತ್ತೆ ಕೂಗಿದ. ಆಮೇಲೆ ದಿನವೂ ಅದೇ ಆಯಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಅಕ್ಕ ಹೋದಾಗ ಚಿಕ್ಕವಳು ಅತ್ತಿರಲಿಲ್ಲ. ಎಲ್ಲ ಮುಗಿಸಿ ಬಂದ ದಿನ ಮನೆ ತುಂಬ ಜನ. ಯಾರಿಗೆ ಚಹಾ ಆಯಿತು, ಯಾರಿಗೆ ಇಲ್ಲ ಎಂದು ನೋಡುವುದರಲ್ಲೇ ಹೊತ್ತು ಕಳೆಯಿತು. "ಕಲ್ಲು ಕಣೇ ನೀನು" ಎಂದು ಅತ್ತಿಗೆ ಹೊಗಳಿದಂತೆಯೂ ಬೈದಂತೆಯೂ ಹೇಳಿದ್ದಳು. ಆಮೇಲೆ ಅಳೋಣವೆಂದರೆ ಜನರೂ ಇಲ್ಲ, ನೆಪವೂ ಇಲ್ಲ. ಒಬ್ಬಳೇ ಕೂತು ಅಳುವುದು ಅವಳಿಗೆ ಯಾಕೋ ನಾಚಿಕೆಯ ಕೆಲಸ ಅನಿಸಿತು. ಜನರಾದರೂ ಎಷ್ಟು ದಿನ ನೆನೆಸಿಕೊಂಡಾರು? ಸತ್ತವರ ಮಾತು ಆಡಿ ಆಡಿ ಸಾಕಾಗಿ, ಅವರಿಗೆ ಬೇರೆ ಮಾತು ಸಿಕ್ಕಿತು. ದೊರೆ ಮಾತ್ರ ಪಟ್ಟು ಬಿಡಲಿಲ್ಲ. ಅವನು ಕೂಗಿದಾಗಲೆಲ್ಲ ಚಿಕ್ಕವಳು ಕೈಯಲ್ಲಿದ್ದ ಕೆಲಸ ಬಿಟ್ಟು ಹೊಸ್ತಿಲ ಬಳಿ ಕೂರುತ್ತಿದ್ದಳು. "ಹೌದಪ್ಪ, ಇವತ್ತೂ ಬರಲಿಲ್ಲ" ಎನ್ನುತ್ತಿದ್ದಳು. ತನ್ನ ಪಾಲಿನದನ್ನೂ ಅವನೇ ಅಳುತ್ತಿದ್ದಾನೆ ಎಂದು ಅವಳಿಗೊಂದು ಸಮಾಧಾನ. ಇಡೀ ಊರಲ್ಲಿ ಅಕ್ಕನಿಗಾಗಿ ಕಾಯುವವರು ಇನ್ನೂ ಇಬ್ಬರಿದ್ದಾರೆ.

ಅತ್ತಿಗೆ ಫೋನು ಮಾಡಿದಾಗಲೆಲ್ಲ ಒಂದೇ ರಾಗ: "ಆ ರೂಮು ಖಾಲಿ ಮಾಡಿ ಯಾರಿಗಾದ್ರೂ ಬಾಡಿಗೆಗೆ ಕೊಡೇ. ನಿನಗೂ ಮನೇಲಿ ಒಂದು ಜನ ಅಂತ ಆಗುತ್ತೆ."

"ಹೇಗೆ ಕೊಡ್ಲಿ ಅತ್ತಿಗೆ? ದೊರೆ ದಿನಾ ಅಲ್ಲಿ ಹುಡುಕ್ತಾನೆ. ಬೇರೆಯವರು ಬಂದ್ರೆ ಅವನಿಗೆ ಹುಚ್ಚೇ ಹಿಡಿಯುತ್ತೆ."

ಹಲ್ಲಿನ ವಿಷಯ ಎದ್ದದ್ದು ವಾಸನೆಯಿಂದ. ದೊರೆ ಆಕಳಿಸಿದರೆ ಹತ್ತಿರ ನಿಲ್ಲುವ ಹಾಗಿರಲಿಲ್ಲ. ತಿನ್ನುವಾಗ ತಲೆಯನ್ನು ಒಂದು ಕಡೆಗೆ ವಾಲಿಸುತ್ತಿದ್ದ, ತುತ್ತು ಬಾಯಿಂದ ಜಾರುತ್ತಿತ್ತು. ಹಾಗೆಂದು ಬಿಡುತ್ತಲೂ ಇರಲಿಲ್ಲ. ತಟ್ಟೆ ನೆಕ್ಕಿ ಇನ್ನಷ್ಟು ಕೇಳುತ್ತಿದ್ದ. ಅಷ್ಟು ತಿಂದರೂ ಸವರಿದರೆ ಕೈಗೆ ಬೆನ್ನಮೂಳೆ ಸಿಗುತ್ತಿತ್ತು. ಕೊರಗಿ ಕೊರಗಿ ಸೊರಗಿದ್ದಾನೆ ಎಂದು ಚಿಕ್ಕವಳು ಲೆಕ್ಕ ಹಾಕಿದ್ದಳು. ಬುಟ್ಟಿಯಲ್ಲಿ ಕೂರಿಸಿ, ಮೇಲೆ ಟವೆಲು ಮುಚ್ಚಿ, ಪ್ರಾಣಿಗಳ ಡಾಕ್ಟರ ಬಳಿ ಒಯ್ದಳು.

ಡಾಕ್ಟರು ಚಿಕ್ಕವಳ ಮಗಳಾಗಬಹುದಾದ ವಯಸ್ಸಿನ ಹೆಂಗಸು. ದೊರೆಯ ತುಟಿ ಎತ್ತಿ ನೋಡಿ, "ಕೆಲವು ಹಲ್ಲು ತೆಗೀಲೇಬೇಕು" ಎಂದರು. "ಅದಕ್ಕೆ ಮೊದಲು ಸ್ವಲ್ಪ ರಕ್ತ ತಗೊಂಡು ಟೆಸ್ಟ್ ಮಾಡೋಣ."

"ಹಲ್ಲು ಕೀಳೋಕೆ ರಕ್ತ ಯಾಕೆ ಡಾಕ್ಟ್ರೇ?"

"ಮದ್ದು ಕೊಟ್ಟು ಮಲಗಿಸೋದು ಸುಲಭ ಅಮ್ಮ. ಆಮೇಲೆ ಎಬ್ಬಿಸಬೇಕಲ್ಲ. ವಯಸ್ಸಾಗಿದೆ ಇವನಿಗೆ."

ಮಾರನೆಯ ದಿನ ಚಿಕ್ಕವಳು ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಒಬ್ಬ ಅಜ್ಜನ ಕನ್ನಡಕಕ್ಕೆ ತಿರುಪು ಹಾಕುತ್ತಿದ್ದಾಗ ಫೋನು ಬಂತು. ರಿಪೋರ್ಟು ಸರಿಯಾಗಿ ಬಂದಿಲ್ಲ, ಸಂಜೆ ಬರಬೇಕು. ಅಕ್ಕನ ವಿಷಯದಲ್ಲೂ ಮೊದಲು ಬಂದದ್ದು ಇದೇ ಮಾತು. ಸಾಸಿವೆಗಿಂತ ಸಣ್ಣ ತಿರುಪು ಚಿಮಟದಿಂದ ಜಾರಿ ನೆಲಕ್ಕೆ ಬಿತ್ತು. ಅವಳು ಮಂಡಿಯೂರಿ ತಡಕಾಡಿದಳು. ಕನ್ನಡಕವಿಲ್ಲದ ಅಜ್ಜನೂ ಪಾಪ, ಏನು ಬಿತ್ತೆಂದು ತಿಳಿಯದಿದ್ದರೂ ಜೊತೆಗೆ ಹುಡುಕಿದ.

ಸಂಜೆ ಡಾಕ್ಟರು ಕಾಗದ ಮುಂದಿಟ್ಟುಕೊಂಡು ಕೂತಿದ್ದರು. "ಕಿಡ್ನಿ ಚೆನ್ನಾಗಿದೆ. ಲಿವರ್ ನಂಬರು ಸ್ವಲ್ಪ ಏರಿದೆ. ಥೈರಾಯ್ಡ್ ಮಾತ್ರ ತುಂಬಾನೇ ಜಾಸ್ತಿ ಇದೆ. ಕತ್ತಿನಲ್ಲಿರೋ ಒಂದು ಗ್ರಂಥಿ, ಅದು ಓವರ್‌ಟೈಮ್ ಮಾಡ್ತಾ ಇದೆ. ತುಂಬಾ ತಿಂತಾನಾ?"

"ತಿಂತಾನೆ."

"ತಿಂದ್ರೂ ಇಳೀತಾ ಇದಾನೆ. ಕೂತ ಕಡೆ ಕೂರಲ್ಲ. ಒಳಗೆ ಹೊರಗೆ ಓಡಾಡ್ತಾನೆ. ಹೌದಾ?"

"ಹೌದು."

"ಕೂಗ್ತಾನಾ? ಉದ್ದಕ್ಕೆ, ಜೋರಾಗಿ?"

ಚಿಕ್ಕವಳು ಬುಟ್ಟಿಯನ್ನು ತೊಡೆಯ ಮೇಲೆ ಸರಿ ಮಾಡಿಕೊಂಡಳು. "ಕೂಗ್ತಾನೆ. ಆದ್ರೆ ಅದು ಬೇರೆ ವಿಷಯ ಡಾಕ್ಟ್ರೇ. ನಮ್ಮ ಅಕ್ಕ ತೀರಿಕೊಂಡ ಮೇಲೆ ಶುರುವಾಗಿದ್ದು. ಅವಳನ್ನ ಹುಡುಕ್ತಾನೆ."

ಡಾಕ್ಟರು ಕಾಗದ ನೋಡಿದರು, ಅವಳ ಮುಖ ನೋಡಿದರು. "ಅದೂ ಇರಬಹುದು" ಎಂದರು.

ಆ ಒಂದು 'ಅದೂ' ಚಿಕ್ಕವಳ ಎದೆಗೆ ನಾಟಿತು. ಇಷ್ಟು ದಿನ ಮನೆಯ ಯಜಮಾನನಂತೆ ಇದ್ದ ಮಾತು ಬಾಲದಲ್ಲೊಂದು ದೀರ್ಘ ಸೇರಿದ್ದೇ ಅತಿಥಿಯಾಗಿಬಿಟ್ಟಿತು. ಡಾಕ್ಟರು ಒಳ್ಳೆಯವರು, ಸುಳ್ಳು ಹೇಳಲು ಬಾರದೆ, ನಿಜ ಹೇಳಲು ಮನಸ್ಸು ಬಾರದೆ ನಡುವೆ ಸಿಕ್ಕಿದ್ದನ್ನು ಹೇಳಿದ್ದರು.

ಆಮೇಲೆ ಎದೆಬಡಿತ ಕೇಳುವ ಕೊಳವೆಯನ್ನು ಚಿಕ್ಕವಳ ಕಿವಿಗೇ ಸಿಕ್ಕಿಸಿ ದೊರೆಯ ಎದೆಯ ಮೇಲಿಟ್ಟರು. ಗಂಟೆಗಟ್ಟಲೆ ನಿಲ್ಲದ ಹೊಲಿಗೆ ಮಿಷನ್ನಿನಂತೆ ಅವನ ಎದೆ ಓಡುತ್ತಿತ್ತು. "ಈ ಸ್ಥಿತೀಲಿ ಹಲ್ಲಿಗೆ ಅಂತ ಮಲಗಿಸೋಕೆ ನನಗೆ ಧೈರ್ಯ ಇಲ್ಲ. ಮೊದಲು ಮಾತ್ರೆ ಕೊಟ್ಟು ಇದನ್ನ ಹತೋಟಿಗೆ ತರೋಣ. ಬೆಳಿಗ್ಗೆ ಒಂದು, ಸಂಜೆ ಒಂದು. ಒಬ್ಬರು ಹಿಡ್ಕೊಳ್ಳಿ, ಇನ್ನೊಬ್ಬರು ಬಾಯಿ ತೆಗೆಸಿ ಹಾಕಿ."

"ಆಗಲಿ" ಎಂದಳು ಚಿಕ್ಕವಳು. ಇನ್ನೊಬ್ಬರು ಯಾರು ಎಂದು ಹೇಳಲಿಲ್ಲ. "ಮಾತ್ರೆ ಕೊಟ್ರೆ ಕೂಗೋದು ನಿಲ್ಲುತ್ತಾ?"

"ಪೂರ್ತಿ ನಿಲ್ಲುತ್ತೆ. ನೀವೂ ನೆಮ್ಮದಿಯಾಗಿ ಇರಬಹುದು" ಎಂದರು ಡಾಕ್ಟರು, ಸಿಹಿ ಸುದ್ದಿಯೆಂದು ತಿಳಿದು.

ಚಿಕ್ಕವಳು ಮಾತ್ರೆಯ ಡಬ್ಬಿಯನ್ನು ಸಕ್ಕರೆ ಡಬ್ಬಿಯ ಹಿಂದೆ ಇಟ್ಟಳು. ಇಟ್ಟವಳು ತೆಗೆಯಲಿಲ್ಲ. ನಾಳೆಯಿಂದ ಕೊಟ್ಟರಾಯಿತು ಎಂದಳು, ಮಾರನೆಯ ದಿನವೂ ಹಾಗೇ ಎಂದಳು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ಎನ್ನುತ್ತಾರೆ. ಆ ಮನೆಯಲ್ಲಿ ಕಣ್ಣು ಮುಚ್ಚಿಕೊಂಡಿದ್ದದ್ದು ಬೆಕ್ಕಲ್ಲ. ಸಂಜೆ ದೊರೆ ಕೂಗುತ್ತಿದ್ದ, ಅವಳು ಹೋಗಿ ಕೂರುತ್ತಿದ್ದಳು. ಈ ಕೂಗೂ ಹೋದರೆ ಅಕ್ಕನಿಗೆ ಈ ಮನೆಯಲ್ಲಿ ಇನ್ನೇನಿದೆ?

ಆದರೆ ಒಮ್ಮೆ ಕಿವಿಗೆ ಬಿದ್ದದ್ದನ್ನು ಹೊರಗೆ ಹಾಕುವುದು ಹೇಗೆ? ಅವನ ಪಕ್ಕದಲ್ಲಿ ಕೂತರೆ ಅವಳಿಗೆ ಆ ಓಡುವ ಎದೆಯೇ ಕೇಳಿಸುತ್ತಿತ್ತು. ಒಂದು ಸಂಜೆ ತಿನ್ನುತ್ತಿದ್ದ ದೊರೆ ಇದ್ದಕ್ಕಿದ್ದಂತೆ ಕಿರುಚಿ ಹಿಂದೆ ಹಾರಿದ. ಮುಂಗಾಲಿನಿಂದ ಬಾಯಿಯನ್ನು ಕೆರೆದುಕೊಂಡ, ಜೊಲ್ಲಿನಲ್ಲಿ ರಕ್ತವಿತ್ತು. ಹಸಿವು ಬಿಡಬೇಕಲ್ಲ, ನಡುಗುತ್ತಲೇ ಮತ್ತೆ ತಟ್ಟೆಗೆ ಬಂದ. ಆಮೇಲೆ ಎದ್ದು ಹೋಗಿ ಕೂಗಿದ. ಅವತ್ತು ಚಿಕ್ಕವಳು ಸರಿಯಾಗಿ ನೋಡಿದಳು. ಅಕ್ಕನ ಬಾಗಿಲಿಗೆ ಕೂಗಿದವನು ಬಚ್ಚಲ ಬಾಗಿಲಿಗೂ ಕೂಗಿದ, ಗೋಡೆಗೂ ಕೂಗಿದ, ಮೂಲೆಯಲ್ಲಿದ್ದ ಕೊಡೆಗೂ ಕೂಗಿದ. ಅಕ್ಕನ ಕೋಣೆ ಅವನ ದಾರಿಯಲ್ಲಿತ್ತು, ಅಷ್ಟೆ.

ಅಕ್ಕ ಇದ್ದಿದ್ದರೆ ಕಿವಿ ಹಿಂಡುತ್ತಿದ್ದಳು. ಅವಳ ಬೆಕ್ಕನ್ನು ಅವಳ ಹೆಸರು ಹೇಳಿಕೊಂಡು ನರಳಿಸಿದೆನಲ್ಲ ಎಂದು ಚಿಕ್ಕವಳಿಗೆ ಅಸಹ್ಯವಾಯಿತು. ಅಡುಗೆಮನೆಗೆ ಹೋಗಿ ಡಬ್ಬಿ ತೆಗೆದಳು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳೆಲ್ಲ ಸಭೆ ಸೇರಿದ್ದವಂತೆ. ಇಲ್ಲಿ ಸಭೆಗೂ ಜನವಿಲ್ಲ. ದೊರೆಯನ್ನು ಟವೆಲಿನಲ್ಲಿ ಸುತ್ತಿ, ಮಂಡಿಗಳ ನಡುವೆ ಒತ್ತಿ ಹಿಡಿದು, ನೋಯುವ ಕಡೆ ಮುಟ್ಟದಂತೆ ಬಾಯಿ ತೆಗೆಸುವಷ್ಟರಲ್ಲಿ ಮಾತ್ರೆ ಕೈಯಲ್ಲೇ ಕರಗಿತು. ಎರಡನೆಯದನ್ನು ಉಗುಳಿದ. ಮೂರನೆಯದು ಒಳಗೆ ಹೋಯಿತು, ಅವಳ ಮುಂಗೈಯಲ್ಲಿ ಉದ್ದಕ್ಕೆ ಗೀರು ಬಿತ್ತು. ಮಾರನೆಯ ದಿನ ಅಂಗಡಿಯಲ್ಲಿ "ಯಾರ ಜೊತೆ ಜಗಳ?" ಎಂದು ಮಾಲೀಕ ಕೇಳಿದ. "ದೊರೆಗಳ ಜೊತೆ" ಎಂದಳು.

ಕೂಗು ಒಂದೇ ದಿನಕ್ಕೆ ನಿಲ್ಲಲಿಲ್ಲ. ಮೊದಲು ಗಿಡ್ಡವಾಯಿತು, ಆಮೇಲೆ ದಿನ ಬಿಟ್ಟು ದಿನವಾಯಿತು. ಒಂದು ಸಂಜೆ ಅವಳು ಹೊಸ್ತಿಲ ಬಳಿ ಹೋಗಿ ಕೂತು ಕಾದಳು. ದೊರೆ ಬಂದ, ಕೋಣೆಯತ್ತ ತಿರುಗಿಯೂ ನೋಡದೆ ದಾಟಿಕೊಂಡು ಹೋಗಿ ಕಿಟಕಿಯ ಮೇಲೆ ಮಲಗಿದ. ಅವನ ಮೈ ತುಂಬಿಕೊಂಡಿತು, ಕೂದಲಿಗೆ ಹೊಳಪು ಬಂತು. ಮತ್ತೆ ರಕ್ತ ನೋಡಿದ ಡಾಕ್ಟರು "ಭೇಷ್" ಎಂದರು, ಒಂದು ಬೆಳಿಗ್ಗೆ ಮಲಗಿಸಿ ಹಲ್ಲು ತೆಗೆದರು, ಎಬ್ಬಿಸಿಯೂ ಕೊಟ್ಟರು.

ಹಲ್ಲು ಹೋದ ಮಾರನೆಯ ದಿನ ಚಿಕ್ಕವಳು ಅಂಗಡಿಯಿಂದ ಬೇಗ ಬಂದಳು. ಮೆತ್ತಗೆ ಕಲಸಿಟ್ಟದ್ದನ್ನು ದೊರೆ ತಲೆ ವಾಲಿಸದೆ ತಿಂದ, ಮುಖ ಒರೆಸಿಕೊಂಡ, ನಿದ್ದೆ ಹೋದ. ಬೀದಿಯಲ್ಲಿ ದೀಪಗಳು ಹತ್ತಿದವು. ಮನೆಯೊಳಗೆ ಒಂದು ಸದ್ದಿಲ್ಲ. ಅವಳು ಎದ್ದು ಅಕ್ಕನ ಬಾಗಿಲಲ್ಲಿ ನಿಂತಳು. ಇಸ್ತ್ರಿ ಬಟ್ಟೆಯ ವಾಸನೆ ಇನ್ನೂ ಇತ್ತು. "ಅಕ್ಕಾ" ಎಂದಳು. ಮೆಲ್ಲಗೆ ಹೇಳಬೇಕೆಂದಿದ್ದಳು, ಜೋರಾಗಿ ಬಂತು. ಎರಡನೆಯ ಸಲ ಇನ್ನೂ ಜೋರಾಗಿ, ಹೊಟ್ಟೆಯೊಳಗಿಂದ ಬಂತು, ಆಮೇಲೆ ಅದರಲ್ಲಿ ಮಾತೇ ಉಳಿಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದಳು. ಅಷ್ಟು ದೊಡ್ಡ ದನಿ ತನ್ನೊಳಗಿತ್ತೆಂದು ಅವಳಿಗೇ ತಿಳಿದಿರಲಿಲ್ಲ.

ಕೂಗು ಇನ್ನೂ ನಿಂತಿರಲಿಲ್ಲ, ಸೊಂಟಕ್ಕೆ ಸಿಕ್ಕಿಸಿದ್ದ ಫೋನು ಹೊಡೆದುಕೊಂಡಿತು. ನಿಲ್ಲಿಸಲೆಂದು ಒತ್ತಿದ್ದು ಎಲ್ಲಿ ಒತ್ತಿತೋ, ಡಾಕ್ಟರ ದನಿ ಬಂತು.

"ಹಲ್ಲು ತೆಗೆದ ಮಾರನೇ ದಿನ ವಿಚಾರಿಸೋದು ನಮ್ಮ ಪದ್ಧತಿ ಅಮ್ಮ. ಹೇಗಿದಾನೆ?" ಎಂದವರು ತಡೆದರು. "ಅಯ್ಯೋ, ಇನ್ನೂ ಕೂಗ್ತಾನೇ ಇದಾನಲ್ಲ. ಇಲ್ಲಿಗೇ ಕೇಳಿಸ್ತಾ ಇದೆ. ಮಾತ್ರೆ ಜಾಸ್ತಿ ಮಾಡೋಣವಾ?"

ಚಿಕ್ಕವಳು ಉಸಿರು ಹಿಡಿದುಕೊಂಡು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಬೇಡ ಡಾಕ್ಟ್ರೇ. ಅವನು ಮಲಗಿದಾನೆ. ಇದು ನಾನು."

ಡಾಕ್ಟರು ಫೋನನ್ನು ಇಡಲಿಲ್ಲ.