ದಪ್ಪ ಗೋಡೆಯ ನಾಲ್ಕು ಸಿಲಿಂಡರ್

ಟಣ್ — ಮೂರನೆಯದೂ ಸರಿ, ಅವಳು ಉಗುರಿನಿಂದ ಇನ್ನೊಮ್ಮೆ ತಟ್ಟಿ ಕಿವಿಗೆ ಹಿಡಿದಳು, ಬಿರುಕಿದ್ದರೆ ಬೀಡುಕಬ್ಬಿಣ ಹೀಗೆ ಹಾಡುವುದಿಲ್ಲ, ಡಬ್ಬ್ ಅಂದು ಬಾಯಿ ಮುಚ್ಚಿಕೊಳ್ಳುತ್ತದೆ, ಇದು ಹಾಡುತ್ತಿದೆ, ಸುತ್ತಲಿನ ತೆಳ್ಳನೆಯ ರೆಕ್ಕೆಗಳಲ್ಲಿ ಒಂದೂ ಮುರಿದಿಲ್ಲ, ಗಾಳಿ ಇವುಗಳ ನಡುವೆ ಹಾಯಬೇಕು, ಈ ಎಂಜಿನ್ನಿಗೆ ನೀರಿಲ್ಲ, ರೇಡಿಯೇಟರ್ ಇಲ್ಲ, ಗಾಳಿಯೇ ಎಲ್ಲ — ಏನ್ ತಾಯೀ, ಸಿಲಿಂಡರ್ ತಗೊಳ್ತೀರೋ ಸಂಗೀತ ಕಲೀತೀರೋ, ಎಂದು ಕೌಂಟರಿನ ಆಚೆಯಿಂದ ಪಳಪಳ ನಕ್ಕ. ಬಿಡಿಭಾಗದ ಅಂಗಡಿಯ ಸಾಹುಕಾರನಿಗೆ ಪಳಪಳ ಅಂತ ಹೆಸರಿಟ್ಟವಳು ಅವಳ ತಂಗಿ, ತುಕ್ಕು ಹಿಡಿದ ಬೋಲ್ಟನ್ನೂ ಉಜ್ಜಿ ಗಾಜಿನ ಕಪಾಟಿನಲ್ಲಿ ಇಡುತ್ತಾನೆಂದು, ಎದುರಿಗೇ ಕರೆದರೂ ಅವನಿಗೆ ಬೇಸರವಿಲ್ಲ. ತಂಗಿಗೆ ಸ್ಟೂಲು ಎಳೆದುಕೊಟ್ಟಿದ್ದ, ಅವಳೆಲ್ಲಿ ಕೂರುತ್ತಾಳೆ, ಅಮ್ಮ ಅವಳನ್ನು ಬುಗುರಿ ಅಂತ ಕರೆದದ್ದು ಸುಮ್ಮನೆಯೇ? ಅಗೋ ಮೂಲೆಯಲ್ಲಿ ಆ ಕೆಂಪು ಎಂಜಿನ್ನಿನ ಎದುರು ನಿಂತಿದ್ದಾಳೆ, ಜೋಡಿಸಿ ಮುಗಿಸಿದ ಎಂಜಿನ್, ಸ್ಟ್ಯಾಂಡಿನ ಮೇಲೆ ಮದುವಣಗಿತ್ತಿಯ ಹಾಗೆ ಕೂತಿದೆ, ಎರಡು ಕಾರ್ಬುರೇಟರ್, ಮುಖ ನೋಡಿಕೊಳ್ಳಬಹುದಾದಂಥ ಹೊಳಪಿನ ಫ್ಯಾನು, ದೊಡ್ಡ ಬೋರಿನ, ಅಂದರೆ ಒಳಗಿನ ತೂತು ಅಗಲಿಸಿದ ಸಿಲಿಂಡರುಗಳು, ನೋಡಲಿ, ಓಡಿಸುವವಳು ಅವಳು, ಮರಳಿನ ಮೇಲಿನ ಕಾರು ಓಟಕ್ಕೆ ಇನ್ನು ಹದಿನೆಂಟು ದಿನ, ನಾನು ಬಾಯಿ ಬಿಡುವುದಿಲ್ಲ, ಈ ಸಲ ಬಿಡುವುದಿಲ್ಲ.

ನಾಲ್ಕನೆಯದು, ಟಣ್. ಮೂಲದ ಅಳತೆ, ಒಂದು ಕೂದಲೂ ಹೆಚ್ಚಿಲ್ಲ, ಇಷ್ಟು ಸಣ್ಣದಾ ಅಂತ ಪಳಪಳ ಮೂಗು ಮುರಿದ, ಮುರಿಯಲಿ, ಬೋರು ಸಣ್ಣದಿದ್ದರೆ ಗೋಡೆ ದಪ್ಪ, ದಪ್ಪ ಗೋಡೆ ಬಿಸಿಗೆ ಸೊಟ್ಟಗಾಗುವುದಿಲ್ಲ, ಮರಳಿನಲ್ಲಿ ಬೇಕಾದದ್ದು ವೇಗವಲ್ಲ, ಎಳೆತ, ಚಕ್ರ ಹೂತುಹೋದಾಗ ಅರಚದೆ ಕಿರುಚದೆ ಹೂಂ ಅಂದು ಎಳೆಯಬೇಕು, ಅದಕ್ಕೇ ಅವಸರವಿಲ್ಲದೆ ವಾಲ್ವು ಎತ್ತುವ ಆ ಮೆತ್ತನೆಯ ಕ್ಯಾಮ್ ಶಾಫ್ಟು, ಅದಕ್ಕೇ ಒಂದೇ ಕಾರ್ಬುರೇಟರ್, ಎರಡಿದ್ದರೆ ದಿಣ್ಣೆ ಹಾರಿ ಹಾರಿ ಒಂದರ ಮಾತು ಇನ್ನೊಂದು ಕೇಳುವುದಿಲ್ಲ, ಅತ್ತೆ ಸೊಸೆಯರ ಹಾಗೆ, ಪಳಪಳ ಚೀಟಿಯಲ್ಲಿ ಬರೆಯುತ್ತಾ ಹೋದ, ಮತ್ತೇನು ತಾಯೀ, ಮತ್ತೆ ಮರಳು ನುಗ್ಗದ ಸೀಲು, ಮತ್ತೆ ಎಂಜಿನ್ನಿನ ಹೊಟ್ಟೆಗೆ ಆಳದ ಆಯಿಲ್ ತೊಟ್ಟಿ, ಏರಿನಲ್ಲಿ ಎಣ್ಣೆಯೆಲ್ಲ ಹಿಂದಕ್ಕೆ ಓಡಿದರೂ ಪಂಪಿನ ಬಾಯಿ ಒಣಗಬಾರದು — ತಗಡು? ತಗಡು ಬೇಡ, ಮನೆಯಲ್ಲಿದೆ. ಯಾರು ಕೊಟ್ಟರು? ನಾನೇ ಕತ್ತರಿಸಿದೆ. ಪಳಪಳನ ಪೆನ್ನು ನಿಂತಿತು, ಅವಳಿಗೆ ಎದೆಯಲ್ಲಿ ಒಂದು ಗುಟುಕು ಬಿಸಿ ಕಾಫಿ ಇಳಿದ ಹಾಗಾಯಿತು. ಸಿಲಿಂಡರಿನ ಅಡಿಯಲ್ಲಿ ಕೂರುವ ತಗಡು, ಯಾರ ಕಣ್ಣಿಗೂ ಬೀಳುವುದಿಲ್ಲ, ಅದಿಲ್ಲದಿದ್ದರೆ ಫ್ಯಾನಿನ ಗಾಳಿ ರೆಕ್ಕೆಗಳನ್ನು ಸುತ್ತದೆ ಹಾಗೇ ಜಾರಿ ಹೋಗುತ್ತದೆ, ಅಂದ ಕೆಡುತ್ತದೆಂದು ಎಷ್ಟು ಜನ ಕಿತ್ತೆಸೆಯುತ್ತಾರೆ, ಸಿಕ್ಕದೇ ಇದ್ದಾಗ ಅವಳು ಅಮ್ಮನ ಹೊಲಿಗೆ ಮೇಜಿನ ಮೇಲೆ ಹಳೇ ಪೇಪರ್ ಹರಡಿ, ಅಮ್ಮ ಅಂಗಿಯ ತೋಳಿಗೆ ಕತ್ತರಿಸುವ ಹಾಗೆ, ಮೊದಲು ಕಾಗದ ಆಮೇಲೆ ತಗಡು, ಕನ್ನಡಕ ಮೂಗಿನ ತುದಿಗೆ ಇಳಿಸಿ ಅಮ್ಮ ಅಂದದ್ದು, ಕಂಕುಳಲ್ಲಿ ಸ್ವಲ್ಪ ಬಿಡೇ, ಉಸಿರಾಡೋಕೆ ಜಾಗ ಬೇಡವಾ ಅದಕ್ಕೆ, ಬಿಟ್ಟೆ, ಮೊದಲ ಸಲಕ್ಕೇ ಕೂತಿತು, ಒಂದು ಸುತ್ತಿಗೆ ಏಟೂ ಬೇಕಾಗಲಿಲ್ಲ, ಈ ಊರಲ್ಲಿ ಹಾಗೆ ಕೂರಿಸುವವರು ಇನ್ನೊಬ್ಬರನ್ನು ತೋರಿಸಿ ನೋಡೋಣ.

ತೋರಿಸುವುದು ಬೇಡ, ಹೋದ ವರ್ಷವೂ ಹೀಗೇ ಬೀಗಿದ್ದಳಲ್ಲ. ಆಗ ಕೂರಿಸಿದ್ದು ದೊಡ್ಡ ಬೋರು, ಅಕ್ಕಾ ಇನ್ನೂ ಸ್ವಲ್ಪ ಜೋರಾಗಿ ಓಡೋ ಹಾಗೆ ಮಾಡೇ ಅಂತ ಬುಗುರಿ ಗಲ್ಲ ಹಿಡಿದು ಕೇಳಿದ್ದಕ್ಕೆ, ಗೋಡೆ ತೆಳುವಾಗುತ್ತದೆ ಅಂತ ಗೊತ್ತಿತ್ತು, ಗೊತ್ತಿದ್ದೂ ನನ್ನ ಕೈ ಇದೆಯಲ್ಲ ಅಂದುಕೊಂಡಳು — ಬತ್ತಿದ ಕೆರೆಯ ಬಿಳಿ ನೆಲ, ನಡು ಮಧ್ಯಾಹ್ನ, ದೂರದಲ್ಲಿ ಒಂದು ಚುಕ್ಕೆ, ಕಾರಲ್ಲ, ಯಾರೋ ಒಬ್ಬರು, ಹೆಲ್ಮೆಟ್ಟನ್ನು ಕೈಯಲ್ಲಿ ತೂಗಾಡಿಸುತ್ತಾ ನಡೆದು ಬರುತ್ತಿರುವ ಬುಗುರಿ, ಹನ್ನೊಂದು ಕಿಲೋಮೀಟರ್, ತುಟಿಯೆಲ್ಲ ಬಿರಿದು, ಓಟ ಮುಗಿಯುವ ಗೆರೆಯ ಹತ್ತಿರ ಸುತ್ತುಗಟ್ಟಿದವರಿಗೆ ಅವಳು ಹೇಳಿದ್ದು ಒಂದೇ ಮಾತು, ಕಲ್ಲು ಹೊಡೀತು. ಯಾವ ಕಲ್ಲೂ ಹೊಡೆದಿರಲಿಲ್ಲ. ಬಿಚ್ಚಿದಾಗ ಮೂರನೆಯ ಸಿಲಿಂಡರಿಗೆ ಪಿಸ್ಟನ್ನು ಕಚ್ಚಿಕೊಂಡಿತ್ತು, ಗೋಡೆ ಬಿಸಿಗೆ ಮೊಟ್ಟೆಯ ಆಕಾರಕ್ಕೆ ತಿರುಗಿತ್ತು, ಬುಗುರಿ ಪಕ್ಕದಲ್ಲೇ ಕೂತು ನೋಡಿದಳು, ಏನೂ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ, ಬೈದಿದ್ದರೆ ಒಂದು ದಿನಕ್ಕೆ ಮುಗಿಯುತ್ತಿತ್ತು, ಬೈಯದೆ ಆ ಹೆಲ್ಮೆಟ್ಟನ್ನು ತೂಗಾಡಿಸುತ್ತಾ ಕಣ್ಣ ಮುಂದೆ ನಡೆದುಕೊಂಡೇ ಬರುತ್ತಾಳೆ, ಅನ್ನ ಕಲಸುವಾಗ, ಹಲ್ಲುಜ್ಜುವಾಗ, ಈಗ ಈ ಕೌಂಟರಿನ ಮುಂದೆ ನಿಂತಿರುವಾಗಲೂ.

ಪಳಪಳ ಚೀಟಿ ಬಿಟ್ಟು ಮೂಲೆಗೆ ನಡೆದ, ಓಡಿಸುವವರನ್ನು ಕೇಳಬೇಕು ಅಂತ ಅವನಿಗೂ ಗೊತ್ತು. ಬುಗುರಮ್ಮಾ, ಏನ್ ಅಷ್ಟೊಂದು ದಿಟ್ಟಿಸ್ತೀರಾ, ದೃಷ್ಟಿ ಆಗುತ್ತೆ, ಬೇಕಾದ್ರೆ ತಗೊಂಡು ಹೋಗಿ, ಪುಕ್ಕಟೆ, ಕಾರಿನ ಮೂತಿ ಮೇಲೆ ನನ್ನ ಅಂಗಡಿ ಹೆಸರು ಬರೆಸಿ ಸಾಕು, ನಾಳೆ ನನ್ನ ಮೇಸ್ತ್ರಿನೇ ಬಂದು ಕೂರಿಸಿಕೊಡ್ತಾನೆ, ನಿಮ್ಮಕ್ಕನಿಗೂ ಒಂಚೂರು ಬಿಡುವು ಸಿಗಲಿ, ಪಾಪ. ಪಾಪವಂತೆ. ಅಕ್ಕನಿಗೆ ಇಲ್ಲಿಂದಲೇ ಗೊತ್ತಾಗುತ್ತಿತ್ತು, ಅಷ್ಟು ದೊಡ್ಡ ಬೋರಿಗೆ ಆ ಗೋಡೆಗಳು ಎಷ್ಟು ತೆಳ್ಳಗೆ, ಅಡಿಯ ತಗಡೇ ಇಲ್ಲ, ಹೇಳಿಬಿಡಲೇ, ನಾಲಿಗೆಯ ತುದಿಗೆ ಬಂತು, ನುಂಗಿದಳು, ಹೇಳುವ ಬಾಯಿ ಹೋದ ವರ್ಷವೇ ಸುಟ್ಟುಕೊಂಡದ್ದು, ಬುಗುರಿಗೆ ನನ್ನ ಎಂಜಿನ್ ಬೇಡವಾದರೆ ಬೇಡ, ಈ ನಾಲ್ಕನ್ನೂ ಮತ್ತೆ ಪೆಟ್ಟಿಗೆಗೆ ಹಾಕಿ ಮನೆಗೆ ಹೋಗುತ್ತೇನೆ, ಅಮ್ಮನಿಗೆ ಏನಾದರೂ ಹೇಳಿದರಾಯಿತು, ಕೈ ಮಾತ್ರ ಸಿಲಿಂಡರನ್ನು ಬಿಡುತ್ತಿಲ್ಲ — ಬುಗುರಿ ಬಗ್ಗಿದಳು. ಒಂದು ಮೊಣಕಾಲೂರಿ ಕೆಂಪು ಎಂಜಿನ್ನಿನ ಅಡಿಗೆ ಕೈ ಹಾಕಿದಳು, ಹೊಳೆಯುವ ಕಡೆಗಲ್ಲ, ಅಡಿಗೆ, ಯಾರೂ ನೋಡದ ಕಡೆಗೆ, ಎರಡು ಸಿಲಿಂಡರುಗಳ ಕೆಳಗೆ ಬೆರಳಾಡಿಸಿದಳು, ಅಲ್ಲಿ ಏನಿರಬೇಕೋ ಅದನ್ನು ಹುಡುಕಿದಳು, ಯಾರು ಕಲಿಸಿದರು ಇವಳಿಗೆ, ನಾನು ಹೇಳಿಕೊಟ್ಟಿಲ್ಲ, ಒಂದು ದಿನವೂ ಕೇಳಿಲ್ಲ ಇವಳು, ಒಂದು ಕಡೆ ನಿಲ್ಲದ ಈ ಹುಡುಗಿ ಅಷ್ಟು ದಿನವೂ ನನ್ನ ಕೈಯನ್ನೇ ನೋಡುತ್ತಿದ್ದಳೇ — ಬರಿಗೈ ಹೊರಗೆ ಬಂತು, ಬುಗುರಿ ಅದನ್ನು ಪ್ಯಾಂಟಿಗೆ ಒರೆಸಿಕೊಂಡಳು.

ಬೇಡ.

ಅಯ್ಯೋ, ಯಾಕಮ್ಮಾ, ಪುಕ್ಕಟೆ ಕೊಡ್ತಿದೀನಿ, ಬಿಡಿಬಿಡಿಯಾಗಿ ಮಾರಿದ್ರೂ ಇದರ ಬೆಲೆ ಎಷ್ಟು ಗೊತ್ತಾ, ಒಂದ್ಸಲ ಸ್ಟಾರ್ಟ್ ಮಾಡಿ ಸದ್ದಾದ್ರೂ ಕೇಳಿ.

ಬೇಡ ಅಂದ್ರೆ ಬೇಡ, ಅಕ್ಕನ ಕೈಯಲ್ಲಿರೋ ಆ ನಾಲ್ಕನ್ನೇ ಚೀಟಿಗೆ ಬರೀರಿ.