ಚೀನಾಕ್ಕೆ ಹೋದ ಉಪ್ಪಿನಕಾಯಿ

ನರಿಮೊಗರಿನ ಹತ್ತಿರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ನಾನು ಭೂಗೋಳದ ಮಾಸ್ಟರು. ಶನಿವಾರ ಮಧ್ಯಾಹ್ನ ಮಾತ್ರ ಚೀನೀ ಭಾಷೆಯ ಮಾಸ್ಟರು. ಇದನ್ನು ಕೇಳಿ ನಗದವರು ಪುತ್ತೂರು ತಾಲೂಕಿನಲ್ಲೇ ಇರಲಿಲ್ಲ. ಬೊಂಬಾಯಿಯಲ್ಲಿ ರಾತ್ರಿ ಶಾಲೆ ಕಲಿಯುವಾಗ ಹಗಲು ಒಬ್ಬ ಚೀನೀ ದಂತವೈದ್ಯರ ದವಾಖಾನೆಯಲ್ಲಿ ಚೀಟಿ ಬರೆಯುತ್ತಿದ್ದೆ. ಏಳು ವರ್ಷದಲ್ಲಿ ಅವರ ಭಾಷೆ ನನಗೂ ಅಂಟಿಕೊಂಡಿತು. ಊರಿಗೆ ಬಂದ ಮೇಲೆ ಅದನ್ನು ಮಾತಾಡಲು ಜನವೇ ಇಲ್ಲ. ಮದುವೆ ಆಗಿರಲಿಲ್ಲ, ತಾಯಿ ತೀರಿಕೊಂಡಿದ್ದರು. ಮಕ್ಕಳ ಭವಿಷ್ಯಕ್ಕಾಗಿ ಈ ತರಗತಿ ಎಂದು ನಾನು ಭಾಷಣ ಬಿಗಿಯುತ್ತಿದ್ದೆನಾದರೂ, ವಾರಕ್ಕೆ ಒಂದು ಗಂಟೆಯಾದರೂ ಆ ಭಾಷೆಯಲ್ಲಿ ಯಾರಾದರೂ ನನಗೆ ಉತ್ತರ ಕೊಡಲಿ ಎಂಬುದೇ ನಿಜವಾದ ಆಸೆ.

ಶಾಲೆಯ ಸಂಚಾಲಕ ಯಜ್ಞೇಶ್ವರ ಭಟ್ಟರು ಒಂದು ಷರತ್ತು ಹಾಕಿದ್ದರು. ಏಳು ಮಕ್ಕಳಿಗಿಂತ ಕಡಿಮೆಯಾದ ದಿನ ತರಗತಿ ಬಂದ್. ಆರು ಮಂದಿ ಹೇಗೋ ಸಿಕ್ಕಿದರು. ಏಳನೆಯವಳು ಕದೀಜ, ಒಣಮೀನು ಮಾರುವ ಬೀಫಾತುಮ್ಮನ ಮೊಮ್ಮಗಳು. ಬೀಫಾತುಮ್ಮನ ಮಗ, ಅಂದರೆ ಈ ಹುಡುಗಿಯ ಅಪ್ಪ ಹಕೀಮ್, ದುಬೈಗೆ ಹೋಗಿ ಐದು ವರ್ಷವಾಗಿತ್ತು. ಮೊಮ್ಮಗಳನ್ನು ಸೇರಿಸುವಾಗ ಅಜ್ಜಿ ಕೇಳಿದ್ದು ಒಂದೇ: ಈ ಭಾಷೆ ಕಲಿತರೆ ಇವಳು ಅಪ್ಪ ಇರುವಲ್ಲಿಗೆ ಹೋಗಬಹುದಾ? ಭೂಗೋಳ ಕಲಿಸುವ ನಾನು ಹೋಗಬಹುದು ಎಂದೆ.

೧೯೮೫ರಲ್ಲಿ ದೆಹಲಿಯ ಒಂದು ಸಂಸ್ಥೆಯಿಂದ ಪತ್ರ ಬಂತು. ಹೊರದೇಶಗಳ ಶಾಲೆಗಳಲ್ಲಿ ಚೀನೀ ಕಲಿಸುವವರಿಗೆ ಚೀನಾದ ರಾಜಧಾನಿ ಪೀಕಿಂಗಿನಲ್ಲಿ ಆರು ವಾರದ ತರಬೇತಿ. ಒಬ್ಬ ಶಿಕ್ಷಕರಿಗೆ ಒಂದೇ ಸಲ ಅವಕಾಶ. ಸುದ್ದಿ ಪೇಟೆಗೆಲ್ಲ ಹಬ್ಬಿತು.

ನಮ್ಮಲ್ಲಿ ಯಾರಾದರೂ ಫಾರಿನ್‌ಗೆ ಹೊರಟರೆಂದರೆ ಅವರ ಪೆಟ್ಟಿಗೆ ಅವರದಲ್ಲ. ಅರ್ಧ ಪೆಟ್ಟಿಗೆ ಊರವರ ಕಟ್ಟುಗಳಿಗೆ ಮೀಸಲು. ಹೊರಡುವ ಮುನ್ನಾದಿನ ಬೀಫಾತುಮ್ಮ ಬಂದು ಬಿಳಿ ಬಟ್ಟೆಯಲ್ಲಿ ಹೊಲಿದ ಒಂದು ಕಟ್ಟನ್ನು ಮೇಜಿನ ಮೇಲಿಟ್ಟರು. ಮೇಲೆ ಕದೀಜಳ ಅಕ್ಷರದಲ್ಲಿ ಹಕೀಮನ ಹೆಸರು, ದುಬೈಯ ವಿಳಾಸ. ಮಿಡಿ ಉಪ್ಪಿನಕಾಯಿ ಎಂದರು. ನಾನು ಹೋಗುವುದು ಮೂಡಣಕ್ಕೆ, ದುಬೈ ಇರುವುದು ಪಡುವಣಕ್ಕೆ ಎಂದು ಬಾಯಿ ತೆರೆದವನು ಮುಚ್ಚಿಕೊಂಡೆ. ಹೇಳಿದರೆ ಏಳು ಆರಾಗುತ್ತದೆ.

“ಕೊಡ್ತೇನೆ,” ಎಂದೆ.

ಬೊಂಬಾಯಿ ವಿಮಾನ ನಿಲ್ದಾಣದಲ್ಲಿ ದುಬೈಯ ಸಾಲಿನಲ್ಲಿ ನಮ್ಮ ಕಡೆಯ ಪೋಕರ್ ಎಂಬವರು ಸಿಕ್ಕಿದರು. ಬಚಾವಾದೆ ಎಂದುಕೊಂಡು ಕಟ್ಟನ್ನು ಮುಂದೆ ಹಿಡಿದೆ. ಅವರು ವಿಳಾಸ ಓದಿದರು, ನನ್ನ ಮುಖ ನೋಡಿದರು, ತಮ್ಮ ಪೆಟ್ಟಿಗೆ ತುಂಬಿದೆ ಎಂದು ಆಚೆ ತಿರುಗಿದರು. ಎಂಥ ಮನುಷ್ಯ ಎಂದು ನನಗೆ ಸಿಟ್ಟು ಬಂತು.

ಪೀಕಿಂಗಿನಲ್ಲಿ ಎಲ್ಲರೂ ಒಳ್ಳೆಯವರೇ. ಪಾಠವೂ ಚೆನ್ನಾಗಿತ್ತು. ಎರಡನೇ ವಾರ ಒಬ್ಬೊಬ್ಬರೂ ನಿಂತು ತಮ್ಮ ಶಾಲೆಯ ಬಗ್ಗೆ ಹೇಳಬೇಕಾಯಿತು. ಒಬ್ಬರಿಗೆ ಮುನ್ನೂರು ವಿದ್ಯಾರ್ಥಿಗಳು, ಇನ್ನೊಬ್ಬರಿಗೆ ಭಾಷೆಗೆಂದೇ ಬೇರೆ ಕಟ್ಟಡ. ನಾನು ಏಳು ಎಂದೆ. ಅವರು ಮರ್ಯಾದೆಗೆ ಚಪ್ಪಾಳೆ ತಟ್ಟಿದರು. ವರ್ಷಗಟ್ಟಲೆ ಯಾವ ಭಾಷೆಗೆ ಹಂಬಲಿಸಿದ್ದೆನೋ ಅದು ಈಗ ಸುತ್ತಲೂ ಕೇಳುತ್ತಿತ್ತು, ನನಗೋ ತುಳುವಿನಲ್ಲಿ ಒಬ್ಬರು ಬೈದರೂ ಸಾಕು ಎನಿಸುತ್ತಿತ್ತು. ಅಷ್ಟು ಒಂಟಿತನ ನಾನು ಬೊಂಬಾಯಿಯಲ್ಲೂ ಕಂಡವನಲ್ಲ.

ಅಲ್ಲಿ ಬೆಳಿಗ್ಗೆ ಕೊಡುತ್ತಿದ್ದದ್ದು ಗಂಜಿ. ನಮ್ಮದೇ ಗಂಜಿ, ಬಿಸಿಬಿಸಿ, ಉಪ್ಪಿಲ್ಲದ್ದು. ಬೇರೆ ಏನಾದರೂ ಕೊಟ್ಟಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಗಂಜಿಯ ಎದುರು ಬರಿಗೈಯಲ್ಲಿ ಕೂರುವುದು ನಮ್ಮ ಊರವನಿಂದ ಆಗುವ ಕೆಲಸವಲ್ಲ. ಹದಿನೇಳನೇ ದಿನ ಕೋಣೆಗೆ ಹೋಗಿ ಬ್ಲೇಡಿನಿಂದ ಹೊಲಿಗೆ ಕೊಯ್ದೆ. ಮೇಣ ಹಾಕಿ ಮುಚ್ಚಿದ ಹಾರ್ಲಿಕ್ಸ್ ಕುಪ್ಪಿ. ಮಗನಿಗೆ ಬರೆದ ಕಾಗದವಾದರೂ ಇರಬಹುದು, ಅದನ್ನು ಅಂಚೆಗೆ ಹಾಕಿಯಾದರೂ ಪಾಪ ಕಳೆದುಕೊಳ್ಳೋಣ ಎಂದು ಹುಡುಕಿದೆ. ಕಾಗದ ಇರಲಿಲ್ಲ. ಅರ್ಧ ಮಿಡಿ ಗಂಜಿಗೆ ಹಾಕಿಕೊಂಡು ಊಟದ ಮನೆಯಲ್ಲಿ ಎಲ್ಲರೆದುರೇ ಅತ್ತೆ. ಖಾರ ಎಂದು ಅವರೆಲ್ಲ ತಿಳಿದರು.

ಆರು ವಾರ ಮುಗಿಯುವಷ್ಟರಲ್ಲಿ ಕುಪ್ಪಿ ಖಾಲಿಯಾಗಿತ್ತು. ಹಾರ್ಲಿಕ್ಸ್ ಕುಪ್ಪಿ ಬಿಸಾಡಿ ಅಭ್ಯಾಸವಿಲ್ಲ. ತೊಳೆದು, ಅದೇ ಬಟ್ಟೆಯಲ್ಲಿ ಸುತ್ತಿ ತಂದೆ. ಜೊತೆಗೆ ಮಕ್ಕಳಿಗೆ ಏಳು ಪುಸ್ತಕ. ದಾರಿಯುದ್ದಕ್ಕೂ ಸುಳ್ಳನ್ನು ಬಾಯಿಪಾಠ ಮಾಡಿದೆ: ಹಕೀಮ್ ಸಿಕ್ಕಿದ, ಆರೋಗ್ಯವಾಗಿದ್ದಾನೆ, ಸ್ವಲ್ಪ ದಪ್ಪ ಆಗಿದ್ದಾನೆ.

ಬಂದ ಮರುದಿನವೇ ಅವರ ಮನೆಗೆ ಹೋದೆ. ಬೀಫಾತುಮ್ಮ ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ಕದೀಜ ನೀರು ತಂದಿಟ್ಟು, ನಾನು ಕಲಿಸಿದ ಚೀನೀ ಮಾತಿನಲ್ಲೇ ಕ್ಷೇಮ ಕೇಳಿ ಒಳಗೆ ಹೋದಳು. ಆ ಮಾತು ಕೇಳಿದ ಮೇಲೆ ಬಾಯಿಪಾಠ ಮಾಡಿದ್ದು ಹೊರಗೆ ಬರಲಿಲ್ಲ. ಕಟ್ಟು ಬಿಚ್ಚಿ ಖಾಲಿ ಕುಪ್ಪಿಯನ್ನು ಅವರ ಎದುರು ಇಟ್ಟೆ.

“ನಾನೇ ತಿಂದೆ, ಬೀಫಾತುಮ್ಮ. ನಾನು ಹೋದದ್ದು ದುಬೈ ಇರುವ ಕಡೆಗೇ ಅಲ್ಲ. ನಿಮಗೆ ಸುಳ್ಳು ಹೇಳಿದ್ದು.”

ಅವರು ಕುಪ್ಪಿಯನ್ನು ಬೆಳಕಿಗೆ ಹಿಡಿದು ತಳ ನೋಡಿದರು.

“ಗೊತ್ತುಂಟು ಮಾಸ್ಟ್ರೆ. ಮಗು ಭೂಪಟ ತೋರಿಸಿದ್ದಾಳೆ. ದುಬೈಗೆ ಹೋಗುವವರ ಕೈಯಲ್ಲಿ ಮೂರು ಸರ್ತಿ ಕಳಿಸಿದ್ದೇನೆ. ಆ ವಿಳಾಸದಲ್ಲಿ ಅಂಥವರು ಯಾರೂ ಇಲ್ಲವಂತೆ. ಮೂರು ಸರ್ತಿಯೂ ಹೊಲಿಗೆ ಬಿಚ್ಚದೆ ವಾಪಸ್ ಬಂತು.” ಕುಪ್ಪಿಯ ಮುಚ್ಚಳ ತಿರುಗಿಸಿ ತೆಗೆದರು. “ನೀವು ಒಬ್ಬರೇ ಇರುವವರು. ಅಲ್ಲಿ ನಿಮಗೂ ಯಾರಿಲ್ಲ. ತಿಂತೀರಿ ಅಂತ ಕೊಟ್ಟದ್ದು.”

ಪೋಕರ್ ವಿಳಾಸ ಓದಿದ ಕೂಡಲೇ ಆಚೆ ತಿರುಗಿದ್ದು ಯಾಕೆ ಎಂದು ಆಗ ತಿಳಿಯಿತು. ಸಿಟ್ಟು ಮಾಡಿಕೊಂಡದ್ದಕ್ಕೆ ನಾಚಿಕೆಯಾಯಿತು. ಹುಡುಗಿಯನ್ನು ತರಗತಿಗೆ ಕಳಿಸುತ್ತೀರಾ ಎಂದು ಕೇಳಿದೆ. ಕಳಿಸದೆ ಎಂತ, ಅವಳಿಗೆ ಅದು ಖುಷಿ ಉಂಟಲ್ಲ ಎಂದರು.

ನಾನು ಅಂಗಳಕ್ಕೆ ಇಳಿಯುವಾಗ ಹಿಂದಿನಿಂದ ಕೇಳಿದರು. “ಉಪ್ಪು ಸರಿ ಇತ್ತಾ?”

“ಸರಿ ಇತ್ತು.”

“ಬರುವ ವರ್ಷವೂ ಹೋಗುದುಂಟಾ ಮಾಸ್ಟ್ರೆ?”

ಒಬ್ಬರಿಗೆ ಒಂದೇ ಸಲ ಎಂದು ದೆಹಲಿಯವರು ಪತ್ರದಲ್ಲೇ ಬರೆದಿದ್ದರು. ಬೀಫಾತುಮ್ಮ ಆಗಲೇ ಕುಪ್ಪಿಯನ್ನು ಬಿಸಿಲಿಗೆ ಕವುಚಿ ಇಟ್ಟಿದ್ದರು.

“ಉಂಟು,” ಎಂದೆ.