ಖಾರವೊಂದೇ ಉಳಿದ ನಾಲಿಗೆ

ಚೀಸ್ ಸಾಸಿನ ಬಣ್ಣ ಇವತ್ತು ಸ್ವಲ್ಪ ಜಾಸ್ತಿಯಾಗಿದೆ, ಕಿತ್ತಳೆಯ ಕಡೆಗೇ ಹೋಗಿದೆ, ಚಮಚ ಎತ್ತಿದರೆ ದಾರದ ಹಾಗೆ ಇಳಿಯಬೇಕಾದ್ದು ನಡುವೆಯೇ ತುಂಡಾಗುತ್ತಿದೆ, ಪಿಷ್ಟ ಸರಿಯಾಗಿ ಬೆಂದಿಲ್ಲ — ಇವಳು ಇಷ್ಟು ಯೋಚಿಸುವಷ್ಟರಲ್ಲಿ ಎದುರಿನಿಂದ ಆ ಕಣ್ಣುಗಳು ಬಂದವು, ಬಟ್ಟಲಿನ ಅಂಚಿನಿಂದ ಮೆಲ್ಲಗೆ ಎದ್ದು ಇವಳ ಮುಖದ ಮೇಲೆ ಕೂತವು. ಅತ್ತಿಗೆಯ ಕಣ್ಣು. ಗಂಡನ ಅಕ್ಕ, ರುಚಿ ನೋಡುವ ಈ ಮೇಜಿಗೆ ಹಿರಿಯಳು, ಇಡೀ ಕಾರ್ಖಾನೆ ಚಿನ್ನದ ನಾಲಿಗೆ ಎಂದು ಕೊಂಡಾಡುವವಳು, ಕಳೆದ ಚಳಿಗಾಲದ ಜ್ವರದಲ್ಲಿ ಆ ಚಿನ್ನ ಕರಗಿಹೋಗಿದೆ, ಉಪ್ಪು ಹುಳಿ ಸಿಹಿ ಕಹಿ ಒಂದೂ ತಿಳಿಯದು, ಯಾರಿಗೂ ಹೇಳಿಲ್ಲ, ಇವಳ ಮುಖ ನೋಡಿಕೊಂಡು ಕಾಲ ತಳ್ಳುತ್ತಿದ್ದಾಳೆ, ಇವಳಿಗೆ ಅದು ಗೊತ್ತಾಗಿದೆ ಎಂಬುದು ಮಾತ್ರ ಅವಳಿಗೆ ಗೊತ್ತಿಲ್ಲ. ನೋಡು ತಾಯಿ, ಚೆನ್ನಾಗಿ ನೋಡು, ಇವತ್ತು ನೋಡುವುದಕ್ಕೆ ಬೇಕಾದಷ್ಟಿದೆ.

ಗೊತ್ತಾದದ್ದು ಚಹಾದಿಂದ. ಸಕ್ಕರೆ ಡಬ್ಬಿಯ ಪಕ್ಕದ್ದೇ ಉಪ್ಪಿನ ಡಬ್ಬಿ, ನಿದ್ದೆಗಣ್ಣು, ಕೈ ತಪ್ಪಿತು, ತಪ್ಪಿದ್ದು ತಿಳಿಯುವಷ್ಟರಲ್ಲಿ ಲೋಟ ಅತ್ತಿಗೆಯ ತುಟಿಗೆ ಹೋಗಿಬಿಟ್ಟಿತ್ತು, ಇವಳ ಜೀವ ಬಾಯಿಗೆ ಬಂತು, ಇನ್ನು ಮುಗಿಯಿತು, ಲೋಟ ಸಿಂಕಿಗೆ, ಮಾತು ಬೀದಿಗೆ — ಅತ್ತಿಗೆ ತಳ ಕಾಣುವವರೆಗೂ ಕುಡಿದಳು, ಸೆರಗಿನಲ್ಲಿ ತುಟಿ ಒರೆಸಿಕೊಂಡಳು, ಇವತ್ತು ಪರವಾಗಿಲ್ಲ ಕಣೇ, ಅಂತೂ ಕೈ ಕುದುರಿತು ಅಂದಳು. ಮದುವೆಯಾಗಿ ಬಂದಾಗಿನಿಂದ ಆ ಬಾಯಿಂದ ಬಿದ್ದ ಮೊದಲ ಒಳ್ಳೆಯ ಮಾತು, ಅದೂ ಉಪ್ಪು ಚಹಾಕ್ಕೆ! ನಗಬೇಕೋ ಅಳಬೇಕೋ ತಿಳಿಯದೆ ಇವಳು ಪಾತ್ರೆ ತೊಳೆಯುತ್ತ ನಿಂತಳು, ಆಮೇಲೆ ಹಳೆಯದೆಲ್ಲ ಒಂದೊಂದಾಗಿ ನೆನಪಾಯಿತು. ಎಷ್ಟು ಸಲ ಮೂಗು ಮುರಿದಿಲ್ಲ ಇವಳು ಮಾಡಿದ್ದಕ್ಕೆ, ಗಂಡನ ಗೆಳೆಯರೆಲ್ಲ ಊಟಕ್ಕೆ ಕೂತಿದ್ದಾಗ ಪಾತ್ರೆ ಸಮೇತ ಎತ್ತಿಕೊಂಡು ಹೋಗಿ ಸುರಿದಿಲ್ಲವೇ, ಇದನ್ನ ನಾಯಿನೂ ಮೂಸಲ್ಲ, ನೀವೆಲ್ಲ ಎದ್ದು ಕೈ ತೊಳ್ಕೊಳ್ಳಿ, ಹೊರಗಿಂದ ತರಿಸ್ತೀನಿ ಅಂತ. ಗಂಡ ತಲೆ ಎತ್ತಲಿಲ್ಲ. ಅವನನ್ನು ಸಾಕಿದವಳು ಅವಳಲ್ಲವೇ, ನನ್ನ ನಾಲಿಗೆಯಿಂದ ಈ ಮನೆ ಒಲೆ ಉರಿಯೋದು, ನೆನಪಿರಲಿ, ನಿನಗೆ ಕೆಲಸ ಕೊಡಿಸಿದ್ದೂ ಇದೇ ನಾಲಿಗೆ ಅನ್ನುತ್ತಿದ್ದಳು. ಹೌದು, ಕೊಡಿಸಿದಳು, ಕಲಿಸಿದವಳೂ ಅವಳೇ, ಅವಸರ ಮಾಡಿ ನುಂಗಬೇಡ, ಬಾಯಿ ಮುಚ್ಚಿ ಮೂಗಿಂದ ಉಸಿರು ಬಿಡು, ಆಗ ಹಿಂದೆ ಅಡಗಿರೋ ಕಳ್ಳ ರುಚಿ ಸಿಕ್ಕಿಬೀಳುತ್ತೆ ಅಂತ.

ಆ ಕಣ್ಣು ಇನ್ನೂ ಇದೆ. ಮೊದಲ ಬಟ್ಟಲು, ಹಳೆಯ ಅಳತೆಯದು, ಇವಳು ಇದ್ದದ್ದು ಇದ್ದ ಹಾಗೆ ಮುಖ ಮಾಡಿದಳು, ಬಣ್ಣ ಹೇಗಿದ್ದರೂ ರುಚಿ ಚೆನ್ನಾಗಿದೆ, ಲ್ಯಾಬಿನ ಮೇಷ್ಟ್ರು ಚಮಚದಿಂದ ಮೇಜು ತಟ್ಟಿದರು, ಎಲ್ಲರೂ ಒಟ್ಟಿಗೆ ಬಟ್ಟಲು ತಳ್ಳಬೇಕು, ಹಿಡಿಸಿದರೆ ಬಲಗಡೆಯ ತಟ್ಟೆಗೆ, ಇಲ್ಲದಿದ್ದರೆ ಎಡಕ್ಕೆ, ಒಬ್ಬರದು ನೋಡಿ ಇನ್ನೊಬ್ಬರು ತಳ್ಳಬಾರದು ಅಂತ ಈ ಏರ್ಪಾಡು. ಮಾತಾಡಬಾರದು ಎಂಬ ನಿಯಮವಿದೆ, ಮುಖಕ್ಕೆ ಯಾವ ನಿಯಮವೂ ಇಲ್ಲ. ಮೇಷ್ಟ್ರು ಅಂದರೆ ಮೇಷ್ಟ್ರಲ್ಲ, ಪಾಠ ಹೇಳುವ ಚಟಕ್ಕೆ ಬಿದ್ದ ಹೆಸರು, ಈಗಲೂ ಹೇಳುತ್ತಿದ್ದಾರೆ, ಡಬ್ಬಿ ಹಿಂದೆ ಓದಿದೀರಾ ಯಾರಾದ್ರೂ, ಮುಂದೆ ದೊಡ್ಡದಾಗಿ ಚೀಸು, ಹಿಂದೆ ಮೊದಲು ನೀರು, ಆಮೇಲೆ ಎಣ್ಣೆ, ಆಮೇಲೆ ಹಾಲೊಡಕಿನ ಪುಡಿ, ಚೀಸು ಪಾಪ ಅದರ ಹಿಂದೆ, ಒಂದು ಸಲಕ್ಕೆ ಎರಡು ಚಮಚ ಅಂತ ಬರೆದಿದೀವಿ, ಎರಡು ಚಮಚಕ್ಕೆ ನಿಲ್ಲಿಸೋ ಪುಣ್ಯಾತ್ಮನನ್ನ ನಾನು ಕಂಡಿಲ್ಲ, ಅದಕ್ಕೇ ಉಪ್ಪು ಇಳಿಸಿ ಅಂತ ಮೇಲಿನವರ ಆರ್ಡರು, ಉಪ್ಪಿನ ಬದಲು ಪೊಟ್ಯಾಶಿಯಂ ಪುಡಿ, ಜಾಸ್ತಿ ಬಿದ್ರೆ ಕಹಿ, ಇವತ್ತು ಒಂದು ಬಟ್ಟಲಲ್ಲಿ ಬೇಕಂತಲೇ ಜಾಸ್ತಿ ಹಾಕಿದೀನಿ, ಹಿಡಿಯದವರು ನಾಳೆಯಿಂದ ರಟ್ಟಿನ ಪೆಟ್ಟಿಗೆ ಕಟ್ಟೋ ಶೆಡ್ಡಿಗೆ, ಹಿರಿಯರು ಕಿರಿಯರು ಅಂತಿಲ್ಲ. ಎಲ್ಲರೂ ನಕ್ಕರು. ಅತ್ತಿಗೆ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ಶೆಡ್ಡಿನಲ್ಲಿ ಸದಾ ಥಂಡಿ, ನಿಂತೇ ಕೆಲಸ, ಅತ್ತಿಗೆಯ ಮಂಡಿ ಒಂದು ವಾರ ತಡೆಯುವುದಿಲ್ಲ, ಆಮೇಲೆ ಮನೆ, ಆಮೇಲೆ ಒಲೆಯ ಮುಂದೆ ಇವಳು ಇಟ್ಟದ್ದೇ ಊಟ, ಇಲ್ಲಿ ಖಾಲಿಯಾಗುವ ಹಿರಿಯಳ ಕುರ್ಚಿ ಇವಳಿಗೇ. ಅಯ್ಯೋ ಪಾಪ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ, ಖುಷಿಯಾಯಿತು.

ಎರಡನೆಯ ಬಟ್ಟಲು. ಬಾಯಿಗೆ ಹೋದ ಕೂಡಲೇ ಖಾರ, ಅದು ಎಲ್ಲರಿಗೂ ಹತ್ತುತ್ತದೆ, ಅತ್ತಿಗೆಗೂ ಹತ್ತುತ್ತದೆ, ಹಣೆಯಲ್ಲಿ ಬೆವರು ಮೂಡಿದೆ ನೋಡು, ಖಾರ ಅನ್ನೋದು ರುಚಿಯೇ ಅಲ್ಲ ಕಣ್ರೀ, ನೋವು, ಅದರ ದಾರಿನೇ ಬೇರೆ ಅಂತ ಮೇಷ್ಟ್ರು ಹಿಂದೊಮ್ಮೆ ಹೇಳಿದ್ದರು, ಹಾಗಾದರೆ ಅವಳಿಗೆ ಉಳಿದಿರುವುದು ನೋವೊಂದೇ, ಅದಕ್ಕೇ ಮನೆಯಲ್ಲಿ ಈಚೆಗೆ ಎಲ್ಲದಕ್ಕೂ ಮೆಣಸಿನಪುಡಿ ಸುರಿದುಕೊಳ್ಳುತ್ತಾಳೆ — ಇವಳು ಬಾಯಿ ಮುಚ್ಚಿ ಮೂಗಿಂದ ಉಸಿರು ಬಿಟ್ಟಳು, ಬಂತು, ಖಾರದ ಬೆನ್ನಿಗೇ ಕಹಿ, ನಾಲಿಗೆಯ ಬುಡದಲ್ಲಿ, ಮಾತ್ರೆ ಜಗಿದ ಹಾಗೆ. ಕಣ್ಣುಗಳು ಬಂದವು. ಇವಳು ಹುಬ್ಬು ಸಡಿಲ ಬಿಟ್ಟಳು, ತುಟಿ ಅರಳಿಸಿದಳು, ಇನ್ನೊಂದು ಸ್ವಲ್ಪ ಬೇಕು ಎನ್ನುವ ಹಾಗೆ ಚಮಚದ ಹಿಂಬದಿಯನ್ನೂ ನೆಕ್ಕಿದಳು. ಅತ್ತಿಗೆಯ ಮುಖವೂ ಅರಳಿತು. ಚಮಚ ಮೇಜಿಗೆ ತಟ್ಟಿತು.

ಬಲಗಡೆಯ ತಟ್ಟೆಯಲ್ಲಿ ಒಂದೇ ಬಟ್ಟಲು. ಅಕ್ಕಾ, ನೀವಾ, ಎಂದರು ಮೇಷ್ಟ್ರು, ಯಾರೋ ಕಿಸಕ್ಕೆಂದರು, ನಾನು ನೀರು ಕುಡಿದಿರಲಿಲ್ಲ, ಮೊದಲನೇದರ ರುಚಿ ಬಾಯಲ್ಲೇ ಇತ್ತು ಅಂದಳು ಅತ್ತಿಗೆ, ಧ್ವನಿ ಎಲ್ಲೋ ತಳದಿಂದ ಬಂತು, ಹೇಳುತ್ತಲೇ ಎಡಗಡೆಯ ತಟ್ಟೆ ನೋಡಿದಳು, ಅಲ್ಲಿ ಇವಳ ಬಟ್ಟಲು, ಅದರಲ್ಲಿ ಹಿಂಬದಿಯನ್ನೂ ನೆಕ್ಕಿದ ಅದೇ ಚಮಚ. ನೋಡಿದಳು, ತಿಳಿಯಿತು, ಎಲ್ಲ ತಿಳಿಯಿತು, ಈಗ ಬೈಗುಳ ಬರುತ್ತದೆ, ಬರಲಿ, ಬಂದರೆ ಬಾಯಿಬಿಟ್ಟು ಹೇಳಬೇಕಾಗುತ್ತದಲ್ಲ ನಾಲಿಗೆ ಸತ್ತಿದೆ ಅಂತ — ಅತ್ತಿಗೆ ಹಣೆಯ ಬೆವರನ್ನಷ್ಟೇ ಒರೆಸಿಕೊಂಡಳು. ಹೋಗಲಿ, ಹಳಬರು, ಇನ್ನೊಂದು ಸಲ ನೋಡೋಣ ಎಂದು ಮೇಷ್ಟ್ರು ಎಲ್ಲರ ಮುಂದೆ ಮೂರನೆಯ ಬಟ್ಟಲು ಇಡಿಸಿದರು, ಇದೇ ಕೊನೆ ಅಕ್ಕ. ಅತ್ತಿಗೆ ನೀರು ಕುಡಿದಳು, ಚಮಚ ಅದ್ದಿದಳು, ಇವಳೂ ಬಾಯಿಗಿಟ್ಟುಕೊಂಡಳು, ಖಾರ, ಹಾಲಿನ ಜಿಡ್ಡು, ಹದವಾದ ಉಪ್ಪು, ಕಹಿಯ ಸುಳಿವೇ ಇಲ್ಲ, ಚೆನ್ನಾಗಿದೆ, ಇದು ನಿಜವಾಗಲೂ ಚೆನ್ನಾಗಿದೆ, ಆದರೆ ಈಗ ನಕ್ಕರೆ ಅವಳು ನಂಬುವುದಿಲ್ಲ, ಎಡಕ್ಕೆ ತಳ್ಳುತ್ತಾಳೆ, ಮುಖ ಕಿವುಚಿದರೆ ಬಲಕ್ಕೆ ತಳ್ಳಿ ಉಳಿದುಕೊಳ್ಳುತ್ತಾಳೆ, ಹಾಗಾದರೆ ನಗಬೇಕು, ಸುಮ್ಮನೆ ನಿಜ ಹೇಳಿದರೆ ಸಾಕು, ಎಷ್ಟು ಸುಲಭ, ಇವಳು ಮನಸಾರೆ ನಕ್ಕಳು, ಮೇಷ್ಟ್ರ ಚಮಚ ಮೇಲೆದ್ದಿತು, ಬಟ್ಟಲಿನ ಅಂಚಿನ ಮೇಲೆ ಆ ಕಣ್ಣುಗಳು, ಬೈಯುತ್ತಿಲ್ಲ, ಬೇಡುತ್ತಿಲ್ಲ, ಒಮ್ಮೆ ಈ ತುಟಿ ನೋಡಿ, ಒಮ್ಮೆ ಈ ಹುಬ್ಬು ನೋಡಿ, ಮತ್ತೆ ತುಟಿ, ಮತ್ತೆ ಹುಬ್ಬು, ನೋಡಲು ಬೇರೆ ಮುಖವಿಲ್ಲದ ಆ ಕಣ್ಣುಗಳು, ಆ ಎರಡು ಕಣ್ಣುಗಳು